ಮೋಟಾರು ಗಾಡಿಯ ದೀಪ ಬೆಳ್ಳಗಾದ ಬಗೆ

ಕಾರಿನ ಹೆಡ್‌ಲೈಟ್ ಬಲ್ಬಿನ ಡಬ್ಬಿಯ ಮೇಲೆ 3000, 4300, 6000, 8000 ಎಂಬಂಥ ಒಂದು ಅಂಕಿ, ಅದರ ಪಕ್ಕದಲ್ಲಿ ‘ಕೆ’ ಎಂಬ ಅಕ್ಷರ ಅಚ್ಚಾಗಿರುತ್ತದೆ. ಅದು ಬೆಳಕಿನ ವರ್ಣತಾಪ. ಅಂಗಡಿಯವರ ಬಾಯಲ್ಲಿ ಕಲರ್ ಟೆಂಪರೇಚರ್. ಕುಲುಮೆಯಲ್ಲಿಟ್ಟ ಕಬ್ಬಿಣ ಕಾಯುತ್ತ ಹೋದಂತೆ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಹಳದಿಗೆ ತಿರುಗಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ಕಮ್ಮಾರರು ತಲೆಮಾರುಗಳಿಂದ ಬಣ್ಣ ನೋಡಿಯೇ ಕಾವನ್ನು ತಿಳಿದವರು. ಕಾದ ವಸ್ತುವಿನ ಉಷ್ಣತೆಗೂ ಅದು ಸೂಸುವ ಬೆಳಕಿಗೂ ಇರುವ ನಂಟಿಗೆ 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸರಿಯಾದ ಸೂತ್ರ ಕೊಟ್ಟರು. ಉಷ್ಣತೆಯನ್ನು ಅಳೆಯುವ ಏಕಮಾನಕ್ಕೆ ಭೌತವಿಜ್ಞಾನಿ ವಿಲಿಯಂ ಥಾಮ್ಸನ್, ಅಂದರೆ ಲಾರ್ಡ್ ಕೆಲ್ವಿನ್ ಅವರ ಹೆಸರು ನಿಂತಿತು. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ನಡುಹಗಲಿನ ಬಿಸಿಲು ಸುಮಾರು 5500, ಮೋಡ ಕವಿದ ಹಗಲಿನ ಬೆಳಕು 6500ರ ಆಸುಪಾಸು. ಅಂಕಿ ಏರಿದಂತೆ ಬೆಳಕು ಹಳದಿಯಿಂದ ಬಿಳಿಗೆ, ಬಿಳಿಯಿಂದ ನೀಲಿಗೆ ವಾಲುತ್ತದೆ.

ಈ ಅಂಕಿ ಬೆಳಕು ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ; ಅದನ್ನು ಹೇಳುವುದು ಲ್ಯೂಮೆನ್. ಆದರೂ ಬೆಳ್ಳಗಿರುವ ದೀಪವೇ ಹೆಚ್ಚು ಬೆಳಕಿನ ದೀಪ ಎಂಬ ನಂಬಿಕೆ ಚಾಲಕರಲ್ಲಿ ಬೇರೂರಿದೆ. ಅದು ಸುಮ್ಮನೆ ಹುಟ್ಟಿದ ನಂಬಿಕೆಯೂ ಅಲ್ಲ. ಮೋಟಾರು ಗಾಡಿ ರಸ್ತೆಗಿಳಿದ ಮೊದಲ ಒಂಬತ್ತು ದಶಕ ಅದು ಬಹುಮಟ್ಟಿಗೆ ನಿಜವೇ ಆಗಿತ್ತು.

ಮೊದಲ ಮೋಟಾರುಗಳಿಗೆ ದೀಪ ಬಂದದ್ದು ಕುದುರೆ ಸಾರೋಟಿನಿಂದ. ಎಣ್ಣೆಯ ಅಥವಾ ಸೀಮೆಎಣ್ಣೆಯ ಬತ್ತಿ ಉರಿಯುವ ಹಿತ್ತಾಳೆಯ ಲಾಂದ್ರಗಳನ್ನು ಇಕ್ಕೆಲದಲ್ಲಿ ತೂಗುಹಾಕುತ್ತಿದ್ದರು. ಅವುಗಳ ಬೆಳಕು ಸುಮಾರು 1900 ಕೆಲ್ವಿನ್‌ನ ಕೆಂಪು ಹಳದಿ. ಎದುರಿಗೆ ಬರುವವರಿಗೆ ಗಾಡಿ ಇದೆಯೆಂದು ಗೊತ್ತಾಗಲು ಅದು ಸಾಕಿತ್ತು. ಮುಂದಿನ ಹಾದಿ ಕಾಣಲು ಸಾಲುತ್ತಿರಲಿಲ್ಲ. ಕುದುರೆಗೆ ಕತ್ತಲಲ್ಲಿ ದಾರಿ ತಾನಾಗಿ ಕಾಣುತ್ತಿತ್ತು. ಎಂಜಿನ್ನಿಗೆ ಆ ಕಣ್ಣಿರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ಅಸಿಟಿಲೀನ್ ಅನಿಲ. 1892ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಸ್ಪ್ರೇ ಎಂಬ ಊರಿನಲ್ಲಿ ಥಾಮಸ್ ವಿಲ್ಸನ್ ಎಂಬ ಕೆನಡಾದವರು ವಿದ್ಯುತ್ ಕುಲುಮೆಯಲ್ಲಿ ಸುಣ್ಣವನ್ನೂ ಇಂಗಾಲವನ್ನೂ ಕಾಯಿಸಿ ಕ್ಯಾಲ್ಸಿಯಂ ಕಾರ್ಬೈಡ್ ತಯಾರಿಸುವ ದಾರಿ ಕಂಡರು. ಮಾವು, ಬಾಳೆ ಹಣ್ಣು ಮಾಡಲು ಕದ್ದು ಬಳಸುತ್ತಾರೆಂದು ಇಂದು ಕೆಟ್ಟ ಹೆಸರು ಹೊತ್ತಿರುವ ಕಾರ್ಬೈಡ್ ಇದೇ. ದೀಪದ ರಚನೆ ಸರಳ. ಮೇಲಿನ ಪಾತ್ರೆಯಲ್ಲಿ ನೀರು, ಕೆಳಗಿನ ಪಾತ್ರೆಯಲ್ಲಿ ಬೂದುಬಣ್ಣದ ಕಾರ್ಬೈಡ್ ಹರಳು, ನಡುವೆ ಒಂದು ತಿರುಪು. ತಿರುಪನ್ನು ಸಡಿಲಿಸಿದರೆ ನೀರು ತೊಟ್ಟಿಕ್ಕಿ ಕಾರ್ಬೈಡಿನ ಮೇಲೆ ಬಿದ್ದು ಬುಸುಗುಟ್ಟುತ್ತ ಅನಿಲ ಏಳುತ್ತದೆ. ಬೆಳ್ಳುಳ್ಳಿಯಂಥ ವಾಸನೆಯೂ ಬರುತ್ತದೆ. ಅನಿಲ ಎರಡು ಸಣ್ಣ ತೂತುಗಳಿಂದ ಎದುರುಬದುರಾಗಿ ಚಿಮ್ಮಿ ಡಿಕ್ಕಿಯಾಗುವ ಕಡೆ ಬೀಸಣಿಗೆಯಂತೆ ಚಪ್ಪಟೆಯಾದ ಜ್ವಾಲೆ ಹರಡುತ್ತದೆ. ಅದರ ಹಿಂದೆ ಒಂದು ಗಾಜಿನ ಅಥವಾ ಲೋಹದ ಕನ್ನಡಿ. ಉರಿದು ಮುಗಿದ ಮೇಲೆ ತಳದಲ್ಲಿ ಸುಣ್ಣದ ಕೆಸರು ಉಳಿಯುತ್ತಿತ್ತು, ಅದನ್ನು ದಿನವೂ ಕೆರೆದು ತೆಗೆಯಬೇಕಿತ್ತು. ಕೆಲಸ ಕೊಳಕಾದರೂ ಬೆಳಕಿಗೆ ಎದುರಿರಲಿಲ್ಲ. ಸುಮಾರು 2400 ಕೆಲ್ವಿನ್‌ನ ಆ ಜ್ವಾಲೆ ಅಂದಿನ ಕಣ್ಣಿಗೆ ಹಾಲಿನಷ್ಟು ಬಿಳಿ. ಗಾಳಿ ಮಳೆಗೂ ಸುಲಭವಾಗಿ ಆರುತ್ತಿರಲಿಲ್ಲ. ಮುಂದೆ ಅನಿಲವನ್ನೇ ಸಿಲಿಂಡರಿನಲ್ಲಿ ತುಂಬಿ ಮಾರುವ ಪದ್ಧತಿ ಬಂತು. ಆ ವ್ಯಾಪಾರ ನಡೆಸಿದ ಪ್ರೆಸ್ಟ್-ಒ-ಲೈಟ್ ಕಂಪನಿಯ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್, 1909ರಲ್ಲಿ ಇಂಡಿಯಾನಾಪೊಲಿಸ್ ಮೋಟಾರು ಪಂದ್ಯದ ಹಾದಿ ಕಟ್ಟಿದವರಲ್ಲಿ ಸೇರಿದ್ದರು.

ವಿದ್ಯುತ್ ದೀಪ ಕಾರಿಗೆ ಬಂದದ್ದು ಇದಕ್ಕೂ ಮೊದಲೇ. 1898ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಕೊಲಂಬಿಯಾ ಎಲೆಕ್ಟ್ರಿಕ್ ಕಾರಿನಲ್ಲಿ ಅದನ್ನು ಕೊಟ್ಟಿದ್ದರು. ಆದರೆ ಇಂಗಾಲದ ತಂತು ಕುಲುಕಾಟಕ್ಕೆ ತುಂಡಾಗುತ್ತಿತ್ತು. ಎಂಜಿನ್ ಗಾಡಿಗಳಲ್ಲಿ ಸಾಕಷ್ಟು ವಿದ್ಯುತ್ ಒದಗಿಸುವ ಡೈನಮೋ ಇರಲಿಲ್ಲ. 1910ರ ವೇಳೆಗೆ ವಿಲಿಯಂ ಕೂಲಿಜ್ ಗಟ್ಟಿ ಲೋಹವಾದ ಟಂಗ್‌ಸ್ಟನ್ನನ್ನು ಎಳೆಯಾಗಿ ಎಳೆಯುವ ವಿಧಾನ ಸಾಧಿಸಿದರು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಮತ್ತು ದೀಪದ ಜೋಡಿ ವ್ಯವಸ್ಥೆ ಕ್ಯಾಡಿಲಾಕ್ ಕಾರಿಗೆ ಬಂತು. ಮರುವರ್ಷ ಜರ್ಮನಿಯ ಬಾಷ್ ಕಂಪನಿ ದೀಪ, ಡೈನಮೋ, ರೆಗ್ಯುಲೇಟರ್ ಮೂರನ್ನೂ ಒಟ್ಟಾಗಿ ಮಾರಾಟಕ್ಕಿಟ್ಟಿತು. ಅದೇ ಹೊತ್ತಿಗೆ ಅರ್ವಿಂಗ್ ಲ್ಯಾಂಗ್‌ಮುಯರ್, ಬಲ್ಬಿನೊಳಗೆ ನಿರ್ವಾತದ ಬದಲು ಜಡ ಅನಿಲ ತುಂಬಿದರೆ ಟಂಗ್‌ಸ್ಟನ್ ಬೇಗ ಆವಿಯಾಗದು, ಆದ್ದರಿಂದ ಅದನ್ನು ಇನ್ನೂ ಹೆಚ್ಚು ಕಾಯಿಸಬಹುದು ಎಂದು ತೋರಿಸಿಕೊಟ್ಟರು. ಹೀಗೆ ತಂತುವಿನ ಉಷ್ಣತೆ 2700–2900 ಕೆಲ್ವಿನ್‌ಗೆ ಏರಿತು.

ತಂತುದೀಪದ ಯುಗದುದ್ದಕ್ಕೂ ನಡೆದದ್ದು ಇದೇ. ತಂತುವನ್ನು ಹೆಚ್ಚು ಕಾಯಿಸಿದಷ್ಟೂ ಒಂದೊಂದು ವ್ಯಾಟಿಗೂ ಹೆಚ್ಚು ಬೆಳಕು ಸಿಗುತ್ತದೆ. ಆ ಬೆಳಕು ಹೆಚ್ಚು ಬೆಳ್ಳಗೂ ಇರುತ್ತದೆ. ಎರಡೂ ಒಟ್ಟಿಗೇ ಬರುತ್ತಿದ್ದುದರಿಂದ ಬಣ್ಣ ನೋಡಿ ದೀಪದ ಗುಣ ಅಳೆದ ಚಾಲಕನ ಲೆಕ್ಕ ತಪ್ಪುತ್ತಿರಲಿಲ್ಲ. ಬ್ಯಾಟರಿ ಸೋತಾಗ, ವಯರಿಂಗ್ ಕೊಳೆತಾಗ ದೀಪ ಕೆಂಪಗೆ ಮಂಕಾಗುವುದನ್ನು ಎಲ್ಲರೂ ಕಂಡಿದ್ದರು.

ಬೆಳಕು ಹೆಚ್ಚಿದಂತೆ ಎದುರಿನವರ ಕಣ್ಣು ಕೋರೈಸುವ ತೊಂದರೆ ಶುರುವಾಯಿತು. ಅದಕ್ಕೆ ದೀಪದ ಕಿರಣವನ್ನು ಕೆಳಕ್ಕೆ ಬಾಗಿಸುವ ಏರ್ಪಾಟುಗಳು ಬಂದವು. 1920ರ ದಶಕದ ನಡುವೆ ಬಂದ ಆಸ್ರಾಮ್ ಕಂಪನಿಯ ‘ಬಿಲಕ್ಸ್’ ಬಲ್ಬಿನಲ್ಲಿ ಎರಡು ತಂತುಗಳಿದ್ದವು, ದೂರಕ್ಕೊಂದು, ಹತ್ತಿರಕ್ಕೊಂದು. ನಮ್ಮ ಲಾರಿ, ಬಸ್ ಚಾಲಕರು ಡಿಮ್ ಎಂದೂ ಬ್ರೈಟ್ ಎಂದೂ ಕರೆಯುವ ಜೋಡಿಯ ಮೂಲ ಇಲ್ಲಿದೆ.

ಇದೇ ತೊಂದರೆಗೆ ಫ್ರಾನ್ಸ್ ಹುಡುಕಿದ ಪರಿಹಾರ ಬಣ್ಣದ್ದು. 1930ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಬೆಳಕಿನ ನೇರಳೆ, ನೀಲಿ ಭಾಗವೇ ಕಣ್ಣಿಗೆ ಹೆಚ್ಚು ಹಿಂಸೆ ಕೊಡುತ್ತದೆ, ಅದನ್ನು ಸೋಸಿ ತೆಗೆದರೆ ಕೋರೈಕೆ ತಗ್ಗುತ್ತದೆ ಎಂದು ವಾದಿಸಿದರು. 1936ರಲ್ಲಿ ಆದೇಶ ಹೊರಟಿತು. ಮರುವರ್ಷದಿಂದ ಹೊಸ ಮೋಟಾರುಗಳ ಹೆಡ್‌ಲೈಟು ಹಳದಿಯಾಗಿರಬೇಕಾಯಿತು. ಯುದ್ಧ ಬಂದರೆ ರಾತ್ರಿಯಲ್ಲಿ ಫ್ರೆಂಚ್ ಗಾಡಿ ಯಾವುದು, ಜರ್ಮನ್ ಗಾಡಿ ಯಾವುದು ಎಂದು ಸೈನ್ಯಕ್ಕೆ ತಿಳಿಯಲೆಂದು ಹೀಗೆ ಮಾಡಿದರೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಆದೇಶದ ಹಿಂದಿದ್ದ ವೈಜ್ಞಾನಿಕ ವಾದ ಮಾತ್ರ ಕಣ್ಣಿನ ಸುಖದ್ದು.

ಹಳದಿಯನ್ನು ಸಾಧಿಸಲು ಕ್ಯಾಡ್ಮಿಯಂ ಬೆರೆಸಿದ ಗಾಜನ್ನು ಬಳಸುತ್ತಿದ್ದರು. ಕೆಲವು ಬಲ್ಬುಗಳ ಗಾಜೇ ಹಳದಿ. ಕೆಲವಕ್ಕೆ ಮೇಲೊಂದು ಹಳದಿ ಗಾಜಿನ ಟೊಪ್ಪಿಗೆ. ಇಂಗ್ಲೆಂಡಿನಿಂದ ಕಡಲು ದಾಟಿ ಫ್ರಾನ್ಸಿಗೆ ಪ್ರವಾಸ ಹೊರಟವರು ತಮ್ಮ ಬಿಳಿ ದೀಪಕ್ಕೆ ಹಳದಿ ಅರಗುಬಣ್ಣ ಬಳಿದುಕೊಳ್ಳುತ್ತಿದ್ದರು, ಇಲ್ಲವೇ ಹಳದಿ ಹೊದಿಕೆ ಹಾಕಿಕೊಳ್ಳುತ್ತಿದ್ದರು. ಅರ್ಧ ಶತಮಾನಕ್ಕೂ ಮಿಕ್ಕಿ ಫ್ರಾನ್ಸಿನ ರಾತ್ರಿ ರಸ್ತೆಗಳು ಹೊನ್ನಿನ ಬಣ್ಣದ ದೀಪಸಾಲಾಗಿ ಕಾಣುತ್ತಿದ್ದವು. ಅಂದಿನ ಫ್ರೆಂಚ್ ಚಲನಚಿತ್ರಗಳಲ್ಲಿ ಈಗಲೂ ಅದನ್ನು ನೋಡಬಹುದು.

ಇಲ್ಲಿ ಕೆಲ್ವಿನ್ ಅಂಕಿಯ ಮಿತಿ ಮೊದಲ ಸಲ ಬಯಲಾಗುತ್ತದೆ. ಫ್ರಾನ್ಸಿನ ಬಲ್ಬಿನ ತಂತು ಬೇರೆ ದೇಶದ ಬಲ್ಬಿನ ತಂತುವಿನಷ್ಟೇ ಕಾದಿರುತ್ತಿತ್ತು. ಬಣ್ಣ ಬದಲಾದದ್ದು ಸೋಸುವಿಕೆಯಿಂದ. ಸೋಸಿದಾಗ ಒಟ್ಟು ಬೆಳಕಿನಲ್ಲಿ ಶೇಕಡ ಹತ್ತು ಹದಿನೈದರಷ್ಟು ನಷ್ಟವಾಗುತ್ತಿತ್ತು. ಕೋರೈಕೆ ಕಡಿಮೆಯಾದದ್ದು ಬಣ್ಣದಿಂದಲೋ, ಬೆಳಕೇ ಕಡಿಮೆಯಾದದ್ದರಿಂದಲೋ ಎಂಬ ಜಗಳ ಕೊನೆಯವರೆಗೂ ನಡೆಯಿತು. 1976ರಲ್ಲಿ ನೆದರ್‌ಲೆಂಡ್ಸಿನ ರಸ್ತೆ ಸುರಕ್ಷತಾ ಸಂಸ್ಥೆಯ ಶ್ರೋಯ್ಡರ್ ಬಿಳಿ ಮತ್ತು ಹಳದಿಯ ಬಗ್ಗೆ ಅದುವರೆಗೆ ನಡೆದ ಪ್ರಯೋಗಗಳನ್ನೆಲ್ಲ ತೂಗಿ ನೋಡಿದರು. ಹಾದಿ ಕಾಣುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 1968ರ ವಿಯೆನ್ನಾ ಒಡಂಬಡಿಕೆಯೂ ಎರಡು ಬಣ್ಣಕ್ಕೂ ಜಾಗ ಬಿಟ್ಟಿತ್ತು. ಕೊನೆಗೆ ಯೂರೋಪಿನ ಮಾರುಕಟ್ಟೆ ಒಂದಾಗುವಾಗ, 1993ರ ಜನವರಿಯಿಂದ ಫ್ರಾನ್ಸಿನ ಹೊಸ ಕಾರುಗಳೂ ಬಿಳಿಗೆ ತಿರುಗಿದವು. ಹಳದಿಯನ್ನು ಕೈಬಿಟ್ಟದ್ದು ಕಣ್ಣಿನ ಶಾಸ್ತ್ರ ಸೋತದ್ದಕ್ಕಲ್ಲ, ಎಲ್ಲ ದೇಶಕ್ಕೂ ಒಂದೇ ಕಾರು ಮಾರುವ ಅನುಕೂಲಕ್ಕೆ.

ಹಳದಿಯ ಪರವಾಗಿ ಹೇಳುವ ಇನ್ನೊಂದು ಮಾತು ಮಂಜಿನದು. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಮಳೆಗಾಲದ ರಾತ್ರಿ ಗಾಡಿ ಓಡಿಸುವವರು ಹೆಡ್‌ಲೈಟಿಗೆ ಹಳದಿ ಕಾಗದ ಅಂಟಿಸುವುದುಂಟು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ. ಆಕಾಶ ನೀಲಿಯಾಗಿ ಕಾಣುವುದು ಗಾಳಿಯ ಅತಿಸಣ್ಣ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದರಿಂದ, ಅದು ಸರಿ. ಮಂಜಿನ ಹನಿ ಅಷ್ಟು ಸಣ್ಣದಲ್ಲ. ಬೆಳಕಿನ ಅಲೆಯ ಉದ್ದ ಒಂದು ಮೈಕ್ರೋಮೀಟರಿಗಿಂತ ಕಡಿಮೆ. ಮಂಜಿನ ಹನಿಗಳ ಗಾತ್ರ ಕೆಲವು ಮೈಕ್ರೋಮೀಟರಿನಿಂದ ಹತ್ತಾರು ಮೈಕ್ರೋಮೀಟರಿನವರೆಗೆ. ಇಷ್ಟು ದೊಡ್ಡ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ. ಫಾಗ್ ಲ್ಯಾಂಪು ಕೆಲಸ ಮಾಡುವುದು ಅದನ್ನು ಬಂಪರಿನಲ್ಲಿ ತಗ್ಗಾಗಿ ಕೂರಿಸಿರುವುದರಿಂದ. ಅಗಲವಾಗಿ, ಮೇಲಂಚು ಕತ್ತರಿಸಿದಂತೆ ಹರಡುವ ಅದರ ಬೆಳಕು ಚಾಲಕನ ಕಣ್ಣಿನ ಮಟ್ಟದ ಮಂಜನ್ನು ಬೆಳಗುವುದಿಲ್ಲ. ಹಾಗೆಂದು ಘಾಟಿಯ ಚಾಲಕರ ಅನುಭವವನ್ನು ಸುಳ್ಳೆನ್ನಲಾಗದು. ತಿರುಗಿ ಬಂದು ಕಣ್ಣಿಗೆ ಬಡಿಯುವ ಬೆಳಕಿನಲ್ಲಿ ನೀಲಿ ಇಲ್ಲದಿದ್ದರೆ ಕಣ್ಣಿಗೆ ಆಯಾಸ ಕಡಿಮೆ. ಯೂರೋಪಿನ ನಿಯಮ ಇಂದಿಗೂ ಫಾಗ್ ಲ್ಯಾಂಪಿಗೆ ಬಿಳಿ, ಹಳದಿ ಎರಡನ್ನೂ ಒಪ್ಪುತ್ತದೆ.

ಅಮೆರಿಕ ಹಿಡಿದ ದಾರಿ ಬೇರೆ. ಅಲ್ಲಿ 1940ರಿಂದ ಏಳು ಇಂಚಿನ ದುಂಡು ‘ಸೀಲ್ಡ್ ಬೀಮ್’ ದೀಪ ನೆಲೆಯೂರಿತು. ತಂತು, ಕನ್ನಡಿ, ಗಾಜು ಮೂರೂ ಒಂದೇ ಮುಚ್ಚಿದ ಬುರುಡೆ. ಕೆಟ್ಟರೆ ಇಡಿಯಾಗಿ ಬದಲಿಸಬೇಕು. ಅದೇ ಏಳು ಇಂಚಿನ ಅಳತೆ ನಮ್ಮ ಅಂಬಾಸಡರ್ ಕಾರಿಗೂ ಜೀಪಿಗೂ ಬಂತು.

ತಂತುದೀಪದ ಕೊನೆಯ ದೊಡ್ಡ ಜಿಗಿತ ಹ್ಯಾಲೋಜನ್. ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮೆತ್ತಿ ಗಾಜು ಕಪ್ಪಾಗುತ್ತಿತ್ತು. ಬಲ್ಬಿನೊಳಗೆ ಚೂರು ಅಯೋಡಿನ್ ಅಥವಾ ಬ್ರೋಮಿನ್ ಸೇರಿಸಿದರೆ ಅದು ಆವಿಯಾದ ಟಂಗ್‌ಸ್ಟನ್ನನ್ನು ಹಿಡಿದು ಮತ್ತೆ ತಂತುವಿನ ಕಡೆಗೇ ಸಾಗಿಸುತ್ತದೆ ಎಂಬುದನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಬಳಕೆಗೆ ತಂದರು. 1959ರಲ್ಲಿ ಪೇಟೆಂಟ್ ಸಿಕ್ಕಿತು. 1962ರಲ್ಲಿ ಯೂರೋಪಿನಲ್ಲಿ ಎಚ್1 ಎಂಬ ಮೊದಲ ಕಾರು ಹ್ಯಾಲೋಜನ್ ಬಂತು, 1971ರಲ್ಲಿ ಎಚ್4. ವರ್ಣತಾಪ 3200 ಕೆಲ್ವಿನ್‌ನ ಹತ್ತಿರ ಬಂದು ನಿಂತಿತು.

ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಬೆಳಕಿನ ಬಣ್ಣಕ್ಕಿಂತ ಅದರ ಜಾಗ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ. ಒಳಗೆ ಸ್ಪ್ರಿಂಗಿನಂತೆ ಸುತ್ತಿದ ಎರಡು ತಂತುಗಳು ಒಂದರ ಹಿಂದೊಂದು ಇವೆ. ಮುಂದಿನದರ ಕೆಳಗೆ ಸೌಟಿನಂತೆ ಬಾಗಿದ ಸಣ್ಣದೊಂದು ಲೋಹದ ತಗಡು. ಡಿಮ್ ಹಾಕಿದಾಗ ಉರಿಯುವುದು ಈ ತಂತು. ಕೆಳಗಿನ ತಗಡು ಅದರ ಬೆಳಕು ಕನ್ನಡಿಯ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಕನ್ನಡಿಯ ಮೇಲ್ಭಾಗಕ್ಕೆ ಬಿದ್ದ ಬೆಳಕಷ್ಟೇ ರಸ್ತೆಯ ಕಡೆಗೆ ಬಾಗಿ ಬೀಳುತ್ತದೆ, ಎದುರಿನವರ ಕಣ್ಣಿಗೆ ಹೋಗುವುದಿಲ್ಲ. ತಂತುವಿನ ಜಾಗ ಒಂದು ಮಿಲಿಮೀಟರ್ ಆಚೀಚೆಯಾದರೂ ಕಿರಣದ ಅಂಚು ಕೆಡುತ್ತದೆ. ಇಂಥ ಬಲ್ಬು 60 ಮತ್ತು 55 ವ್ಯಾಟಿನದು. ಬ್ರೈಟಿನಲ್ಲಿ ಸುಮಾರು 1650, ಡಿಮ್ಮಿನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು ಕೊಡುತ್ತದೆ.

ಅಲ್ಲಿಂದ ಮುಂದೆ ತಂತುವಿಗೆ ದಾರಿಯಿಲ್ಲ. ಟಂಗ್‌ಸ್ಟನ್ ಕರಗುವುದೇ ಸುಮಾರು 3695 ಕೆಲ್ವಿನ್‌ನಲ್ಲಿ. ಹೀಗಾಗಿ ಹ್ಯಾಲೋಜನ್ ಬಲ್ಬಿನ ಡಬ್ಬಿಯ ಮೇಲೆ 5000 ಎಂದಿದ್ದರೆ ಅದು ತಂತುವಿನ ಕಾವು ಆಗಿರಲು ಸಾಧ್ಯವೇ ಇಲ್ಲ.

ತಂತುವನ್ನೇ ಬಿಟ್ಟ ದೀಪ 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಬಂತು. ಜನ ಅದನ್ನು ಕ್ಸೆನಾನ್ ಎಂದೂ ಎಚ್‌ಐಡಿ ಎಂದೂ ಕರೆದರು. ಎರಡು ಎಲೆಕ್ಟ್ರೋಡುಗಳ ನಡುವೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಹೊಡೆತ ಕೊಟ್ಟು ಕಿಡಿ ಹೊತ್ತಿಸಿ, ಆ ಕಿಡಿಯನ್ನು ಆರದಂತೆ ಕಾಯುವುದು ಇದರ ಕ್ರಮ. ಕ್ಸೆನಾನ್ ಅನಿಲ ಕೂಡಲೇ ಬೆಳಗಲು, ಲೋಹದ ಲವಣಗಳು ಆಮೇಲೆ ಪೂರ್ತಿ ಬೆಳಕು ಕೊಡಲು. 35 ವ್ಯಾಟಿನ ಈ ದೀಪದಿಂದ ಸುಮಾರು 3200 ಲ್ಯೂಮೆನ್ ಹೊರಡುತ್ತದೆ, ಹ್ಯಾಲೋಜನ್ನಿನ ಎರಡರಷ್ಟು. ಕಾರು ತಯಾರಕರು ಅಳವಡಿಸಿದ ಕ್ಸೆನಾನಿನ ವರ್ಣತಾಪ 4100–4300 ಕೆಲ್ವಿನ್. ಹ್ಯಾಲೋಜನ್ನಿನ ಹಳದಿಗೆ ಪಳಗಿದ ಕಣ್ಣಿಗೆ ಅದು ತಿಳಿನೀಲಿಯಾಗಿ ಕಂಡಿತು. ಲೆನ್ಸಿನ ಅಂಚಿನಲ್ಲಿ ಬೆಳಕು ಒಡೆಯುವ ಕಡೆ ನೇರಳೆ ಹೊಳಪೂ ಕಾಣುತ್ತಿತ್ತು. ಆ ಹೊಳಪು ದುಬಾರಿ ಕಾರಿನ ಗುರುತಾಯಿತು.

ಬೆಳಕಿಗೂ ಬಣ್ಣಕ್ಕೂ ಇದ್ದ ಹಳೆಯ ನಂಟು ಕಡಿದದ್ದು ಇಲ್ಲಿ. ಕ್ಸೆನಾನ್ ಕೊಳ್ಳಲಾಗದವರಿಗೆಂದು ನೀಲಿ ಲೇಪದ ಹ್ಯಾಲೋಜನ್ ಬಲ್ಬುಗಳು 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆ ತುಂಬಿದವು. ಕೆಲ್ವಿನ್ ಅಂಕಿ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮೆರೆಯತೊಡಗಿದ್ದೂ ಆಗಲೇ. ಲೇಪಕ್ಕೆ ಹೊಸ ಬೆಳಕು ಹುಟ್ಟಿಸುವ ಶಕ್ತಿಯಿಲ್ಲ. ಇರುವ ಬೆಳಕಿನಲ್ಲಿ ಹಳದಿ, ಕೆಂಪನ್ನು ತಡೆಯಬಲ್ಲದು ಅಷ್ಟೇ. ತಂತುವಿನ ಬೆಳಕಿನಲ್ಲಿ ಹೆಚ್ಚಿನ ಪಾಲು ಅದೇ. ಆ ನಷ್ಟ ತುಂಬಲು ಕೆಲವು ತಯಾರಕರು ತಂತುವನ್ನು ಮಿತಿಯ ತುದಿಗೆ ಕಾಯಿಸಿದರು, ಬಲ್ಬಿನ ಆಯುಸ್ಸು ಕುಗ್ಗಿತು. ತಂತುವಿನ ಮೇಲೆ ವೋಲ್ಟೇಜು ಶೇಕಡ 5 ಹೆಚ್ಚಾದರೆ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕ್ಸೆನಾನಿನಲ್ಲೂ ಇದೇ ಪಾಡು. 4300ರ ಬಲ್ಬು ಕೊಡುವಷ್ಟು ಬೆಳಕನ್ನು 8000, 10000 ಎಂದು ಬರೆದುಕೊಂಡ ಬಲ್ಬು ಕೊಡುವುದಿಲ್ಲ. ದುಡ್ಡು ಕೊಟ್ಟು ಕತ್ತಲನ್ನು ಕೊಂಡಂತೆ.

ನಷ್ಟ ಚಾಲಕನಿಗಾದರೆ ಹಿಂಸೆ ಎದುರಿನವರಿಗೆ. ಕೋರೈಕೆಯಲ್ಲಿ ಎರಡು ಬಗೆ. ಕಣ್ಣಿನೊಳಗೆ ಚದುರಿದ ಬೆಳಕು ಪರದೆಯಂತೆ ಹರಡಿ ಎದುರಿನದು ಕಾಣದಾಗುವುದು ಒಂದು. ಇದನ್ನು ಮುಖ್ಯವಾಗಿ ಬೆಳಕಿನ ಪ್ರಮಾಣ ನಿರ್ಧರಿಸುತ್ತದೆ. ಕಂಡರೂ ಕಣ್ಣು ನೋಯುವುದು, ಮುಖ ತಿರುಗಿಸುವಂತಾಗುವುದು ಇನ್ನೊಂದು. ಈ ಎರಡನೆಯದನ್ನು ಅಳೆಯಲು ನೆದರ್‌ಲೆಂಡ್ಸಿನ ಡಿ ಬೂರ್ ಮಾಡಿದ ಒಂಬತ್ತು ಮೆಟ್ಟಿಲ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 9 ಎಂದರೆ ಗಮನಕ್ಕೆ ಬಂದೂ ಬಾರದಷ್ಟು, 1 ಎಂದರೆ ಸಹಿಸಲಾಗದಷ್ಟು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸಿವಾಕ್, ಮೈಕಲ್ ಫ್ಲಾನಗನ್ ಮತ್ತವರ ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, ಬೆಳಕಿನ ಪ್ರಮಾಣ ಒಂದೇ ಇದ್ದರೂ ನೀಲಿ ಹೆಚ್ಚಿರುವ ದೀಪ ಕಣ್ಣಿಗೆ ಹೆಚ್ಚು ಹಿಂಸೆ ಕೊಡುತ್ತದೆ ಎಂದು ಕಂಡುಬಂತು. 1930ರ ದಶಕದ ಫ್ರೆಂಚ್ ವಿಜ್ಞಾನಿಗಳ ವಾದದ ಈ ಒಂದು ಎಳೆ ಗಟ್ಟಿಯಾಗಿ ಉಳಿಯಿತು. 2001ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಕೋರೈಕೆಯ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಸಾವಿರಾರು ಪತ್ರಗಳು ಬಂದು ಬಿದ್ದವು.

ಎಲ್‌ಇಡಿ ಬಂದ ಮೇಲೆ ಬಣ್ಣದ ಲೆಕ್ಕ ಮತ್ತೆ ಬದಲಾಯಿತು. ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದರು. ಬಿಳಿ ಎಲ್‌ಇಡಿ ನಿಜವಾಗಿ ಫಾಸ್ಫರ್ ಎಂಬ ಹಳದಿ ಲೇಪ ಬಳಿದ ನೀಲಿ ಎಲ್‌ಇಡಿ; ಫಾಸ್ಫರ್ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತ ಬೆಳಕು ಬಿಳಿಯಾಗಿ ಕಾಣುತ್ತದೆ. ಇಲ್ಲಿ ಕಾದ ವಸ್ತುವೇ ಇಲ್ಲ. 6000 ಕೆಲ್ವಿನ್ ಎಂದರೆ ಅಷ್ಟು ಕಾದ ವಸ್ತುವಿನ ಬೆಳಕನ್ನು ಹೋಲುವ ಬಣ್ಣ ಎಂದಷ್ಟೇ ಅರ್ಥ. ಎಲ್‌ಇಡಿ ಡಿಮ್ ದೀಪ 2007ರಲ್ಲಿ ಲೆಕ್ಸಸ್ ಎಲ್‌ಎಸ್ 600ಎಚ್ ಕಾರಿನಲ್ಲಿ ಬಂತು, ಮರುವರ್ಷ ಆಡಿ ಆರ್8ರಲ್ಲಿ ಎಲ್ಲ ದೀಪಗಳೂ ಎಲ್‌ಇಡಿಯಾದವು. ಫಾಸ್ಫರ್ ಕಡಿಮೆ ಬಳಿದರೆ ಬೆಳಕು ನೀಲಿಯತ್ತ ವಾಲುತ್ತದೆ, ಬೆಳಕಿನ ನಷ್ಟವೂ ಕಡಿಮೆ. ಹಾಗಾಗಿ 5000ದಿಂದ 6000 ಕೆಲ್ವಿನ್ ತಯಾರಕರಿಗೆ ಅನುಕೂಲದ ನೆಲೆ. ಹಗಲಿನ ಬೆಳಕಿಗೆ ಹತ್ತಿರ ಎಂಬುದು ಅವರು ಕೊಡುವ ವಿವರಣೆ.

ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ದೀಪಕ್ಕೂ, ಹ್ಯಾಲೋಜನ್ ದೀಪದ ಹೊಟ್ಟೆಗೆ ತುರುಕಿದ ಎಲ್‌ಇಡಿ ಬಲ್ಬಿಗೂ ಬಹಳ ಅಂತರವಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಎಚ್4 ಬುಡದ ಎಲ್‌ಇಡಿ ಬಲ್ಬು ಸುಲಭವಾಗಿ ಸಿಗುತ್ತದೆ. ಅದರ ಎಲ್‌ಇಡಿ ಚಿಪ್ ಹಳೆಯ ತಂತುವಿದ್ದ ಜಾಗದಲ್ಲಿ, ಅದೇ ಆಕಾರದಲ್ಲಿ ಕೂರದಿದ್ದರೆ ಕನ್ನಡಿಗೆ ಬಿದ್ದ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಡಿಮ್ ಹಾಕಿದರೂ ಎದುರಿನವರಿಗೆ ಬ್ರೈಟೇ. ಜರ್ಮನಿಯಲ್ಲಿ ಇಂಥ ಬದಲಿ ಎಲ್‌ಇಡಿ ಬಲ್ಬಿಗೆ 2020ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು. ಅದೂ ಎಲ್ಲ ಕಾರಿಗಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಗಳಿಗೆ ಮಾತ್ರ.

ಕಾನೂನು ಈ ವಿಷಯವನ್ನು ನೋಡುವ ರೀತಿ ಅಂಗಡಿಯದಕ್ಕಿಂತ ಬೇರೆ. ಯೂರೋಪಿನ ನಿಯಮಗಳಲ್ಲಿ ಬಿಳಿ ಎಂಬುದು ಒಂದು ಕೆಲ್ವಿನ್ ಅಂಕಿಯಲ್ಲ. 1931ರ ಅಂತರರಾಷ್ಟ್ರೀಯ ವರ್ಣನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿದ ಒಂದು ಆವರಣ. ಹ್ಯಾಲೋಜನ್ನಿನ 3200 ಅದರೊಳಗೆ ಬರುತ್ತದೆ, ಎಲ್‌ಇಡಿಯ 6000ವೂ ಬರುತ್ತದೆ. ಕಡುನೀಲಿ ಬಲ್ಬುಗಳು ಹೊರಗುಳಿಯುತ್ತವೆ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಕಿರಣದ ದಿಕ್ಕಿಗೆ ಒತ್ತು ಕೊಡುತ್ತವೆ. 106ನೆಯ ನಿಯಮದಂತೆ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಬೆಳಕು ಕೋರೈಸಬಾರದು. ಕಿರಣ ಅಷ್ಟು ಕೆಳಕ್ಕೆ ಬಾಗಿರಬೇಕು. ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ ಹಳೆಯ ರೂಢಿಯೂ ಇದೇ ಉದ್ದೇಶದ್ದು. ಹೆದ್ದಾರಿಗಳಲ್ಲಿ ಪೊಲೀಸರೇ ಡಬ್ಬಿ, ಕುಂಚ ಹಿಡಿದು ಲಾರಿ ಬಸ್ಸುಗಳ ದೀಪಕ್ಕೆ ಕಪ್ಪು ಬಳಿಯುತ್ತಿದ್ದ ಕಾಲವೊಂದಿತ್ತು.

ಆ ಕೆಲಸ ಈಗ ದಂಡದ ರೂಪ ತಾಳಿದೆ. ಹೆಚ್ಚುವರಿಯಾಗಿ ಹಾಕಿಸಿಕೊಂಡ ಪ್ರಖರ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿ ಪ್ರಕರಣ ದಾಖಲಿಸಿದರು. ಇನ್ನೊಂದು ಕಡೆ, ಎದುರಿನ ಗಾಡಿಯನ್ನು ಕ್ಯಾಮೆರಾದಿಂದ ಗುರುತಿಸಿ ಆ ಭಾಗದ ಎಲ್‌ಇಡಿಗಳನ್ನಷ್ಟೇ ಆರಿಸುವ ಮ್ಯಾಟ್ರಿಕ್ಸ್ ದೀಪ 2013ರಲ್ಲಿ ಆಡಿ ಎ8 ಕಾರಿನೊಡನೆ ಬಂದು, ಈಗ ಅದಕ್ಕಿಂತ ಅಗ್ಗದ ಕಾರುಗಳಿಗೂ ಇಳಿಯುತ್ತಿದೆ. ಹ್ಯಾಲೋಜನ್ ದೀಪವಿರುವ ಕಾರಿಗೆ ಬಲ್ಬು ಬದಲಿಸುವವರಿಗೆ ಅಷ್ಟೆಲ್ಲ ಆಯ್ಕೆಯಿಲ್ಲ. ಲೇಪವಿಲ್ಲದ, 3200 ಕೆಲ್ವಿನ್‌ನ ಆಸುಪಾಸಿನ, ಕಾರಿನ ಕೈಪಿಡಿ ಹೇಳಿದ ವ್ಯಾಟಿನ ಬಲ್ಬೇ ಅವರ ದೀಪದಿಂದ ಅತಿ ಹೆಚ್ಚು ಬೆಳಕು ಹೊರಡಿಸುವಂಥದು. ಕ್ಸೆನಾನ್ ಇದ್ದರೆ 4300. ಬಲ್ಬು ಬದಲಿಸಿದ ಮೇಲೆ ದೀಪದ ಹಿಂದಿನ ತಿರುಪು ತಿರುಗಿಸಿ ಕಿರಣದ ಎತ್ತರ ಸರಿಪಡಿಸುವುದೂ ಅದೇ ಕೆಲಸದ ಭಾಗ.